ಕಿರುಬೆರಳಿನ ರಿಷಭ

ಗಿಟಾರ್ ಮಾರುವ ಅಂಗಡಿಯಲ್ಲಿ ಸ್ವಲ್ಪ ಹೊತ್ತು ಸುಮ್ಮನೆ ನಿಂತು ನೋಡಬೇಕು. ಕೊಳ್ಳಲು ಬಂದ ಹುಡುಗ ಗೋಡೆಗೆ ತೂಗುಹಾಕಿರುವ ಸಾಲಿನಲ್ಲಿ ತನ್ನ ಜೇಬಿಗೆ ಒಗ್ಗದ ಒಂದನ್ನೇ ತೋರಿಸಿ ಕೆಳಗಿಳಿಸಿಕೊಳ್ಳುತ್ತಾನೆ. ಸ್ಟೂಲಿನ ಮೇಲೆ ಕೂತು, ಎಲ್ಲರಿಗೂ ಬರುವ ನಾಲ್ಕಾರು ಕಾರ್ಡ್‌ಗಳನ್ನು ಸಂಕೋಚದಿಂದ ಮೀಟುತ್ತಾನೆ. ಬೆಲೆ ಕೇಳುತ್ತಾನೆ, ಕೇಳಿ ಗಂಭೀರವಾಗಿ ತಲೆಯಾಡಿಸುತ್ತಾನೆ. ಆಮೇಲೆ ಒಮ್ಮೆ ಅತ್ತಿತ್ತ ನೋಡಿ, ಎಡಗೈಯನ್ನು ಗಿಟಾರಿನ ಕತ್ತಿನ ನಡುಭಾಗಕ್ಕೆ ಜಾರಿಸಿ, ನಾಲ್ಕು ಬೆರಳುಗಳನ್ನೂ ಗುಂಪುಗೂಡಿಸಿ ಎಂಥದೋ ಒಂದು ಹಿಡಿತ ಹಿಡಿದು ಬಲಗೈ ಬೀಸುತ್ತಾನೆ. ಅರ್ಧ ಸಿಹಿ, ಅರ್ಧ ಸಿಡುಕಿನ ಒಂದು ಸದ್ದು ಅಂಗಡಿಯನ್ನೆಲ್ಲ ತುಂಬುತ್ತದೆ. ಅಂಗಡಿಯವನು ಬಿಲ್ ಪುಸ್ತಕದಿಂದ ತಲೆ ಎತ್ತುವುದಿಲ್ಲ. ಅವನ ಕಿವಿ ಈ ಸದ್ದಿಗೆ ಎಂದೋ ಸೋತಿದೆ. ಮೂಲೆಯಲ್ಲಿ ತಬಲಾದ ಸುತ್ತಿಗೆ ಆರಿಸುತ್ತಿದ್ದ ಒಬ್ಬ ಮಾತ್ರ ತಿರುಗಿ ನೋಡಿ ಹುಬ್ಬು ಹಾರಿಸುತ್ತಾನೆ. ಹುಡುಗ ನಾಚಿ ನಗುತ್ತಾನೆ. ಗಿಟಾರ್ ಮತ್ತೆ ಗೋಡೆ ಸೇರುತ್ತದೆ.

ಆ ಹಿಡಿತಕ್ಕೆ ಶಾಸ್ತ್ರದ ಹೆಸರು ಇ ಸೆವೆನ್ ಶಾರ್ಪ್ ನೈನ್. ಶಾಸ್ತ್ರದ ಗೊಡವೆಗೆ ಹೋಗದವರು ಅದನ್ನು ಹೆಂಡ್ರಿಕ್ಸ್ ಕಾರ್ಡ್ ಎನ್ನುತ್ತಾರೆ. ಲೋಕದಲ್ಲಿ ರಸ್ತೆಗೆ, ವೃತ್ತಕ್ಕೆ, ಮಾವಿನ ತಳಿಗೆ ಮನುಷ್ಯರ ಹೆಸರು ಇಡುವುದುಂಟು. ನಾಲ್ಕು ಬೆರಳು ಕೂರುವ ಭಂಗಿಗೆ ಒಬ್ಬನ ಹೆಸರು ನಿಲ್ಲುವುದು ಅಪರೂಪದ ಭಾಗ್ಯ. ಅದಕ್ಕೆ ಕಲ್ಲು ಕೆತ್ತಿಸಬೇಕಾಗಿಲ್ಲ, ಸಮಿತಿ ಬೇಕಾಗಿಲ್ಲ, ಉದ್ಘಾಟನೆಗೆ ಮಂತ್ರಿಗಳು ತಡವಾಗಿ ಬರಬೇಕಾಗಿಯೂ ಇಲ್ಲ.

ಜಿಮಿ ಹೆಂಡ್ರಿಕ್ಸ್ ಹುಟ್ಟಿದ್ದು 1942ರಲ್ಲಿ, ಅಮೆರಿಕದ ಸಿಯಾಟಲ್ ಊರಿನಲ್ಲಿ. ಕೈಗೆ ಗಿಟಾರ್ ಬರುವ ಮೊದಲು ಮನೆಯ ಪೊರಕೆಯನ್ನೇ ಎದೆಗವಚಿಕೊಂಡು ನುಡಿಸುತ್ತಿದ್ದನಂತೆ. ಅಪ್ಪನ ಜೊತೆ ಯಾರದೋ ಮನೆಯ ಹಳೇ ಸಾಮಾನು ಖಾಲಿ ಮಾಡಲು ಹೋದಾಗ ಒಂದೇ ತಂತಿ ಉಳಿದಿದ್ದ ಯುಕುಲೆಲೆ ಸಿಕ್ಕಿತು. ಆ ಒಂದು ತಂತಿಯ ಮೇಲೇ ಕೇಳಿದ ಹಾಡುಗಳನ್ನೆಲ್ಲ ಹುಡುಕಿಕೊಂಡ. ಹದಿನೈದರ ವಯಸ್ಸಿಗೆ ಐದು ಡಾಲರಿನ ಹಳೇ ಗಿಟಾರ್ ಬಂತು. ಹುಡುಗ ಎಡಚ, ಗಿಟಾರ್ ಬಲಗೈಯವರದು. ಅದಕ್ಕವನು ಗಿಟಾರನ್ನು ತಲೆಕೆಳಗು ಮಾಡಿ, ತಂತಿಗಳನ್ನು ಹಿಂದುಮುಂದಾಗಿ ಬಿಗಿದುಕೊಂಡ. ಹೆಸರು ಬಂದ ಮೇಲೂ ಹಾಗೆಯೇ ನುಡಿಸಿದ. ನಡುವೆ ಸೈನ್ಯ ಸೇರಿ ಪ್ಯಾರಾಚೂಟಿನಿಂದ ಜಿಗಿದದ್ದೂ ಉಂಟು, ಲಿಟಲ್ ರಿಚರ್ಡ್‌ನಂಥವರ ಹಿಂದೆ ನಿಂತು ತಾಳಕ್ಕೆ ಸರಿಯಾಗಿ ಮೀಟಿದ್ದೂ ಉಂಟು. 1966ರ ಸೆಪ್ಟೆಂಬರ್ 24ರಂದು ಚಾಸ್ ಚಾಂಡ್ಲರ್ ಎಂಬ ಗುಣಗ್ರಾಹಿ ಅವನನ್ನು ಲಂಡನ್ನಿಗೆ ಕರೆತಂದ. ಆ ಡಿಸೆಂಬರಿನಲ್ಲಿ, ಕ್ರಿಸ್ಮಸ್ಸಿನ ಮರುದಿನ, ಕ್ಲಬ್ಬೊಂದರ ವೇಷ ತೊಡುವ ಕೋಣೆಯಲ್ಲಿ ಕೂತು ಒಂದು ಹಾಡು ಬರೆದ. ಅದೇ ‘ಪರ್ಪಲ್ ಹೇಜ್’. 1967ರ ಮಾರ್ಚಿನಲ್ಲಿ ಅದರ ತಟ್ಟೆ ಹೊರಬಂತು. ನಮ್ಮ ಕಾರ್ಡ್ ಇರುವುದು ಅದರಲ್ಲಿ. 1970ರ ಸೆಪ್ಟೆಂಬರ್ 18ರಂದು ಅವನು ತೀರಿಕೊಂಡಾಗ ಲಂಡನ್ನಿಗೆ ಬಂದು ನಾಲ್ಕು ವರ್ಷಕ್ಕೆ ಇನ್ನೂ ಆರು ದಿನ ಕಡಿಮೆ ಇತ್ತು. ವಯಸ್ಸು 27. ನಮ್ಮ ಕಡೆ ಆ ವಯಸ್ಸಿಗೆ ಜಾತಕ ಹೊರಡುತ್ತದೆ.

ಇದೆಲ್ಲ ನನಗೆ ಆಮೇಲೆ ತಿಳಿದದ್ದು. ಕಾರ್ಡ್ ಮೊದಲು ಬಂತು, ಅದೂ ಮೈಸೂರಿನ ಒಂದು ಗಣಪತಿ ಪೆಂಡಾಲಿನಲ್ಲಿ. ಎಂಬತ್ತರ ದಶಕದ ಭಾದ್ರಪದವೆಂದರೆ ಬೀದಿ ಬೀದಿಯಲ್ಲಿ ಆರ್ಕೆಸ್ಟ್ರಾ. ಚಂದಾ ಪುಸ್ತಕದ ದಪ್ಪ ನೋಡಿ ಆರ್ಕೆಸ್ಟ್ರಾದ ಯೋಗ್ಯತೆ ಹೇಳಬಹುದಿತ್ತು. ನಮ್ಮ ಬೀದಿಗೆ ಬರುತ್ತಿದ್ದ ತಂಡದಲ್ಲಿ ಗಿಟಾರ್ ಹಿಡಿಯುತ್ತಿದ್ದವರು ಹಗಲಲ್ಲಿ ಯಾವುದೋ ಇಲಾಖೆಯ ಗುಮಾಸ್ತರು. ಇನ್‌ಷರ್ಟ್ ಮಾಡಿ, ಜೇಬಿನಲ್ಲಿ ಎರಡು ಪೆನ್ನು ಸಿಕ್ಕಿಸಿಕೊಂಡೇ ವೇದಿಕೆ ಹತ್ತುತ್ತಿದ್ದರು. ಹುಡುಗರೆಲ್ಲ ಅವರನ್ನು ಗಿಟಾರ್ ಮೇಷ್ಟ್ರು ಎನ್ನುತ್ತಿದ್ದೆವು. ಪಾಠ ಹೇಳುತ್ತಿದ್ದದ್ದು ಮಾತ್ರ ಯಾರಿಗೂ ಇಲ್ಲ. ಕೇಳಿದರೆ ತೋರಿಸುತ್ತಿದ್ದರು, ಅಷ್ಟೆ.

ಅವರಿಗೊಂದು ಚಟವಿತ್ತು. ರಾಜನ್–ನಾಗೇಂದ್ರರ ಹಾಡಾಗಲಿ, ಯಾವುದಾದರೂ ದೇವರನಾಮವಾಗಲಿ, ಹಾಡು ಮುಗಿದು, ಗಾಯಕರು ಮೈಕು ಕೆಳಗಿಳಿಸಿ, ಚಪ್ಪಾಳೆ ಶುರುವಾಗುವ ಮುಂಚಿನ ಆ ಕೂದಲೆಳೆಯ ಸಂದಿಯಲ್ಲಿ ತಮ್ಮ ಪ್ರೀತಿಯ ಕಾರ್ಡನ್ನು ಒಂದೇ ಒಂದು ಸಲ ಮೀಟಿಬಿಡುತ್ತಿದ್ದರು. ಜೋರಾಗಿ ಅಲ್ಲ, ತಮ್ಮ ಪಾಡಿಗೆ ತಾವು. ಆ ಕ್ಷಣದಲ್ಲಿ ಅವರ ಕಣ್ಣು ಅರೆಮುಚ್ಚುತ್ತಿತ್ತು, ಜೇಬಿನ ಪೆನ್ನುಗಳು ಒಂದು ಸಲ ಕುಣಿಯುತ್ತಿದ್ದವು. ಗಾಯಕರು ಒಮ್ಮೆ ಹಿಂದಿರುಗಿ ಕೇಳಿದ್ದನ್ನು ನಾನು ವೇದಿಕೆಯ ಪಕ್ಕದಿಂದಲೇ ಕೇಳಿಸಿಕೊಂಡಿದ್ದೇನೆ.

“ಏನ್ ಸಾರ್, ಕೊನೇಲಿ ಏನೋ ಕಿರಿಕಿರಿ ಬರ್ತಿದೆಯಲ್ಲ?”

“ಸ್ಪೀಕರ್ ಹೋಗಿರ್ಬೇಕು ಸಾರ್, ನೋಡಿಸ್ತೀನಿ.”

ಸ್ಪೀಕರಿನವನು ಪಾಪ, ಅದನ್ನು ಬಿಚ್ಚಿ ಬಿಚ್ಚಿ ನೋಡಿದ.

ಆ ಕಾರ್ಡನ್ನು ಮೇಷ್ಟ್ರು ತೋರಿಸಿಕೊಟ್ಟದ್ದು ಜನರೇಟರಿನ ಮರೆಯಲ್ಲಿ, ಮಂಗಳಾರತಿಯ ವಿರಾಮದಲ್ಲಿ. ಎಲ್ಲಕ್ಕಿಂತ ದಪ್ಪ ತಂತಿಯನ್ನು ಮುಟ್ಟಬೇಡ, ಅದು ಖಾಲಿಯೇ ಗುನುಗಲಿ. ಅದರ ಪಕ್ಕದ ತಂತಿಯ ಏಳನೆಯ ಫ್ರೆಟ್ಟಿಗೆ ನಡುಬೆರಳು. ಮುಂದಿನ ತಂತಿಯ ಆರನೆಯದಕ್ಕೆ ತೋರುಬೆರಳು. ಅದರ ಮುಂದಿನದರ ಏಳಕ್ಕೆ ಉಂಗುರದ ಬೆರಳು. ಇಷ್ಟು ಹಿಡಿದು ಮೀಟಿದರೆ ಯಾರೂ ತಿರುಗಿ ನೋಡದ ಸಾಮಾನ್ಯ ಸೆವೆನ್ತ್ ಕಾರ್ಡ್. ಇನ್ನೊಂದು ತಂತಿ ಆಚೆಗೆ, ಎಂಟನೆಯ ಫ್ರೆಟ್ಟಿನ ಮೇಲೆ ಕಿರುಬೆರಳು ಊರಬೇಕು. ಊರಿದೊಡನೆ ಸಾಧು ಕಾರ್ಡ್ ಹಲ್ಲು ತೋರಿಸುತ್ತದೆ. ಹುಟ್ಟಿದಾಗಿನಿಂದ ಯಾವ ಕೆಲಸಕ್ಕೂ ಕರೆಯದೆ ಇಟ್ಟಿದ್ದ ಆ ಬೆರಳಿನ ಮೇಲೇ ಇಡೀ ಹೆಂಡ್ರಿಕ್ಸ್ ನಿಂತಿದ್ದಾನೆ ಎನ್ನುವುದು ಆ ವಯಸ್ಸಿನಲ್ಲಿ ನನಗೆ ಅನ್ಯಾಯವಾಗಿ ಕಂಡಿತು.

ಆಗ ನಾನು ಓದಿಗೆಂದು ಅಗ್ರಹಾರದಲ್ಲಿ ಸೋದರತ್ತೆಯ ಮನೆಯಲ್ಲಿದ್ದೆ. ಅತ್ತೆ ವೀಣೆ ನುಡಿಸುತ್ತಿದ್ದರು. ಕಚೇರಿ ಮಾಡಿದವರಲ್ಲ, ಸಂಜೆ ದೀಪ ಹಚ್ಚಿದ ಮೇಲೆ ದೇವರ ಕೋಣೆಯ ಮುಂದೆ ಚಾಪೆ ಹಾಕಿಕೊಂಡು ತಮಗೆ ತಾವೇ ನುಡಿಸಿಕೊಳ್ಳುವವರು. ನನ್ನ ಗಿಟಾರಿಗೆ ಆ ಮನೆಯಲ್ಲಿ ಹಿತ್ತಿಲ ಜಗಲಿಯನ್ನು ಮಂಜೂರು ಮಾಡಿದ್ದರು. ಒಂದು ಮಧ್ಯಾಹ್ನ ಅತ್ತೆ ಮೊರದಲ್ಲಿ ಅಕ್ಕಿ ಆರಿಸುತ್ತ ಒಳಗೆ ಕೂತಿದ್ದಾಗ ನನ್ನ ಕಿರುಬೆರಳು ಮೊದಲ ಬಾರಿ ಸರಿಯಾಗಿ ಕೂತಿತು. ಮೊರದ ಸದ್ದು ನಿಂತಿತು.

“ಏನೋ ಅದು? ಇನ್ನೊಂದ್ಸಲ ಬಾರ್ಸು.”

“ಹೆಂಡ್ರಿಕ್ಸ್ ಕಾರ್ಡು ಅತ್ತೆ.”

“ಯಾರದ್ದಾದ್ರೂ ಆಗ್ಲಿ. ಒಂದೊಂದೇ ತಂತಿ ಮೀಟು.”

ಮೀಟಿದೆ. ಅತ್ತೆ ಕಣ್ಣು ಮುಚ್ಚಿ ಒಂದೊಂದಕ್ಕೂ ತಲೆ ತೂಗಿದರು. ಷಡ್ಜ. ಅಂತರ ಗಾಂಧಾರ. ಕೈಶಿಕಿ ನಿಷಾದ. ಕಿರುಬೆರಳಿನ ತಂತಿ ಬಂದಾಗ ಕಣ್ಣು ತೆರೆದರು.

“ಅಯ್ಯೋ, ಷಟ್ಶ್ರುತಿ ರಿಷಭ ಕಣೋ! ನಾಟದಲ್ಲಿ ಬರತ್ತಲ್ಲ, ಅದು. ಅದನ್ನೂ ಅಂತರ ಗಾಂಧಾರಾನೂ ಒಟ್ಟಿಗೆ ಬಾರಿಸ್ತಾರೇನೋ ಯಾರಾದ್ರೂ?”

ಬಾರಿಸುತ್ತಾರೆ, ಅದಕ್ಕೆ ದುಡ್ಡು ಕೊಟ್ಟು ಕೇಳುತ್ತಾರೆ ಎಂದೆ. ಅತ್ತೆಗೆ ನಂಬಿಕೆ ಬರಲಿಲ್ಲ. ವೆಂಕಟಮಖಿ ಲೆಕ್ಕ ಹಾಕಿಟ್ಟ 72 ಮೇಳಗಳಲ್ಲಿ 40 ಇಂಥ ವಿವಾದಿಗಳು, ಪಕ್ಕಪಕ್ಕದ ಸ್ವರಗಳು ಮೈಗೆ ಮೈ ತಾಗಿಸಿಕೊಂಡು ಕೂತಿರುವಂಥವು. ಅವನ್ನು ಹಾಡಿದರೆ ಕೇಡು ಎಂದು ನಂಬುವವರಿದ್ದರು. ಅತ್ತೆ ಪೂರ್ತಿ ನಂಬದಿದ್ದರೂ ಪರೀಕ್ಷಿಸುವ ಧೈರ್ಯ ಮಾಡಿದವರಲ್ಲ. ಹಾಗಾದರೆ ನಾಟವೂ ವಿವಾದಿಯೇ ಅಲ್ಲವೇ, ಕಚೇರಿಯ ಮೊದಲಿಗೇ ಅದನ್ನು ಹಾಡುತ್ತಾರಲ್ಲ ಎಂದು ನಾನು ವಾದ ಹೂಡಿದೆ. “ಅದರಲ್ಲಿ ಗಣಪತಿ ಇದಾನಲ್ಲಪ್ಪ, ಅವನು ನೋಡ್ಕೋತಾನೆ. ನಿನ್ನ ಆಸಾಮಿಯನ್ನ ಯಾರು ನೋಡ್ಕೋತಾರೆ?” ಎಂದರು. ನನ್ನ ಆಸಾಮಿ ಹೋಗಿ ಆಗಲೇ ಎಷ್ಟೋ ವರ್ಷವಾಗಿತ್ತು. ಅದನ್ನು ನಾನು ಹೇಳಲಿಲ್ಲ. ಹೇಳಿದ್ದರೆ ಆ ಕಾರ್ಡಿಗೆ ಮನೆಯೊಳಗೆ ಶಾಶ್ವತ ಬಹಿಷ್ಕಾರವಾಗುತ್ತಿತ್ತು.

ಅತ್ತೆಯ ಕಿವಿ ಎಷ್ಟು ಸೂಕ್ಷ್ಮವೆಂದು ನನಗೆ ಅರಿವಾದದ್ದು ಬಹಳ ತಡವಾಗಿ. ಪಾಶ್ಚಾತ್ಯ ಶಾಸ್ತ್ರದವರು ಕಿರುಬೆರಳಿನ ಆ ಸ್ವರವನ್ನು ಎರಡನೆಯ ಗಾಂಧಾರವೆಂದು ಬರೆಯುವುದಿಲ್ಲ. ಒಂಬತ್ತನೆಯ ಸ್ವರ, ಅಂದರೆ ಮೇಲಿನ ಸ್ಥಾಯಿಯ ರಿಷಭ, ಅದನ್ನು ಮೇಲಕ್ಕೇರಿಸಿದ್ದು ಎಂದು ಬರೆಯುತ್ತಾರೆ. ಅತ್ತೆಯೂ ಅದನ್ನೇ ಹೇಳಿದ್ದರು, ಅಕ್ಕಿಯ ಕಲ್ಲು ಆರಿಸುತ್ತ. ಇನ್ನೂ ಬೇಕೆಂದರೆ ಈ ಕಾರ್ಡಿನ ಸ್ವರಗಳೆಲ್ಲ 34ನೆಯ ಮೇಳ ವಾಗಧೀಶ್ವರಿಯೊಳಗೆ ಚೊಕ್ಕವಾಗಿ ಕೂರುತ್ತವೆ. ಪರ್ಪಲ್ ಹೇಜ್ ವಾಗಧೀಶ್ವರಿಯ ಕೃತಿ ಎಂದು ನಾನೇನೂ ಹೇಳುತ್ತಿಲ್ಲ. ಹೇಳುವವರು ಒಂದಲ್ಲ ಒಂದು ದಿನ ಬರುತ್ತಾರೆ.

ಆ ಎರಡು ಸ್ವರಗಳು ಒಂದೇ ಸ್ಥಾಯಿಯಲ್ಲಿ ಪಕ್ಕಪಕ್ಕ ಇದ್ದರೆ ಕಿವಿ ಹರಿದುಹೋಗುತ್ತದೆ. ಈ ಹಿಡಿತದ ಜಾಣತನವೆಂದರೆ, ಗಾಂಧಾರವನ್ನು ಕೆಳಗಿನ ಸ್ಥಾಯಿಯಲ್ಲಿರಿಸಿ, ಅದಕ್ಕೆ ಆಗದ ರಿಷಭವನ್ನು ಮೇಲಿನ ಸ್ಥಾಯಿಗೆ ಕಳಿಸಿ, ನಡುವೆ ಒಂದು ನಿಷಾದವನ್ನು ಕೂರಿಸಿರುವುದು. ಕೂಡು ಮನೆಯಲ್ಲಿ ಜಗಳವಾಡುವ ವಾರಗಿತ್ತಿಯರಲ್ಲಿ ಒಬ್ಬರಿಗೆ ಕೆಳಗಿನ ಮನೆ, ಇನ್ನೊಬ್ಬರಿಗೆ ಮಹಡಿ ಕೊಟ್ಟು, ನಡುವಿನ ಮೆಟ್ಟಿಲ ಮೇಲೆ ಮಾವನವರು ಪೇಪರ್ ಓದುತ್ತ ಕೂತರೆ ಸಂಸಾರ ನಡೆಯುತ್ತದೆ ನೋಡಿ, ಹಾಗೆ. ಮುನಿಸು ಹೋಗುವುದಿಲ್ಲ, ಆದರೆ ಅದಕ್ಕೊಂದು ಗಾಂಭೀರ್ಯ ಬರುತ್ತದೆ. ಪರ್ಪಲ್ ಹೇಜ್‌ನಲ್ಲಿ ಇನ್ನೂ ಒಂದು ಸೊಗಸಿದೆ. ಈ ಕಾರ್ಡ್ ಆದ ಮೇಲೆ ಬರುವುದು ಜಿ ಮೇಜರ್. ಕಿರುಬೆರಳಿನಡಿ ಇದ್ದ ಸ್ವರ ಆ ಜಿಯೇ. ಅಂದರೆ ಈಗಷ್ಟೇ ಮಹಡಿಯಲ್ಲಿ ಮುನಿಸಿಕೊಂಡಿದ್ದ ಸೊಸೆ ಮುಂದಿನ ಗಳಿಗೆಯಲ್ಲಿ ಸೆರಗು ಸಿಕ್ಕಿಸಿಕೊಂಡು ತಾನೇ ಒಂದು ಮನೆಯ ಯಜಮಾನಿಯಾಗಿ ನಿಂತಿರುತ್ತಾಳೆ.

ಒಂದು ರಾತ್ರಿ ನೀರು ಕುಡಿಯಲು ಎದ್ದಾಗ ದೇವರ ಕೋಣೆಯ ಮುಂದೆ ಬೆಳಕಿತ್ತು. ಅತ್ತೆ ವೀಣೆಯ ಮುಂದೆ ಕೂತಿದ್ದರು. ಸಾರಣಿ ತಂತಿಯ ಮೂರನೆಯ ಮೆಟ್ಟಿಲ ಮೇಲೆ ಒಂದು ಬೆರಳು, ಮಂದ್ರ ತಂತಿಯ ನಾಲ್ಕನೆಯ ಮೆಟ್ಟಿಲ ಮೇಲೆ ಇನ್ನೊಂದು. ಎರಡನ್ನೂ ಒಟ್ಟಿಗೆ ಮೀಟಿದರು. ಬಾಗಿ ಕಿವಿಗೊಟ್ಟು ಕೇಳಿದರು. ಇನ್ನೊಮ್ಮೆ ಮೀಟಿದರು. ನನ್ನ ನೆರಳು ಬಿದ್ದದ್ದೇ ಕೈ ತೆಗೆದು, “ಶ್ರುತಿ ನೋಡ್ತಿದ್ದೆ. ಮೇಣ ಸಡಿಲ ಆಗಿದೆ,” ಎಂದರು. ಮೇಣ ಸರಿಯಾಗಿಯೇ ಇತ್ತು. ಆ ವಿಷಯ ನಮ್ಮಿಬ್ಬರ ನಡುವೆ ಮತ್ತೆ ಬರಲಿಲ್ಲ. ಅವರು ಹೋಗುವವರೆಗೂ ಬರಲಿಲ್ಲ. ಆದರೆ ಅಂದಿನಿಂದ ನನ್ನ ಗಿಟಾರಿಗೆ ಹಿತ್ತಿಲ ಜಗಲಿಯಿಂದ ನಡುಮನೆಗೆ ಬಡ್ತಿ ಸಿಕ್ಕಿತು.

ಹೆಂಡ್ರಿಕ್ಸ್ ಈ ಕಾರ್ಡನ್ನು ಕಂಡುಹಿಡಿದನೇ ಎಂದರೆ, ಇಲ್ಲ. ಜಾಝ್‌ನವರು 1940ರ ದಶಕದಿಂದಲೇ ಅದನ್ನು ಬಳಸುತ್ತಿದ್ದರು. ಅದರ ಬೇರು ಇನ್ನೂ ಕೆಳಗಿದೆ. ಅಮೆರಿಕದ ಕಪ್ಪು ಜನರ ಬ್ಲೂಸ್ ಹಾಡಿನಲ್ಲಿ ಗಾಂಧಾರ ಒಂದೆಡೆ ನಿಲ್ಲುವುದಿಲ್ಲ. ಸಾಧಾರಣಕ್ಕೂ ಅಂತರಕ್ಕೂ ನಡುವೆ ಎಲ್ಲೋ ಅಲೆದಾಡುತ್ತಿರುತ್ತದೆ. ಹಾಡುವವನು ಕೊರಳಲ್ಲಿ ಜಾರಿಸುತ್ತಾನೆ, ಗಿಟಾರಿನವನು ತಂತಿ ಎಳೆಯುತ್ತಾನೆ, ನಮ್ಮ ವೈಣಿಕರಿಗಂತೂ ಅದು ನಿತ್ಯದ ಕೆಲಸ. ಪಿಯಾನೋದವನ ಕೈಯಲ್ಲಿ ಮಾತ್ರ ಅದು ಆಗದು. ಅವನು ಪಕ್ಕಪಕ್ಕದ ಎರಡು ಮನೆಗಳನ್ನೂ ಒತ್ತಿ, ನೀನೇ ನಡುವೆ ಊಹಿಸಿಕೋ ಎನ್ನುತ್ತಾನೆ. ಸಿಗದ ಸ್ವರವೊಂದನ್ನು ಎರಡು ಕಡೆಯಿಂದ ಹಿಡಿಯಹೊರಟ ಆ ಪ್ರಯತ್ನವೇ ನಾಲ್ಕು ಬೆರಳಿನ ಈ ಹಿಡಿತದಲ್ಲೂ ಇರುವುದು. ಹೆಂಡ್ರಿಕ್ಸ್ ಮಾಡಿದ್ದಿಷ್ಟೇ: ಜಾಝ್‌ನವರು ದಾರಿಯಲ್ಲಿ ಹಾಗೇ ಮುಟ್ಟಿ ಮುಂದೆ ಹೋಗುತ್ತಿದ್ದ ಜಾಗದಲ್ಲಿ ಅವನು ತಳವೂರಿ ನಿಂತ. ಅದನ್ನು ಮನೆ ಮಾಡಿಕೊಂಡ, ಶಬ್ದ ಹೆಚ್ಚಿಸಿದ, ಬೆಂಕಿ ಹಚ್ಚಿದ. ಇದು ಮಾತಿಗೆ ಹೇಳಿದ್ದಲ್ಲ, 1967ರ ಜೂನಿನಲ್ಲಿ ಮಾಂಟೆರೇಯ ವೇದಿಕೆಯಲ್ಲಿ ನಿಜವಾಗಿ ಗಿಟಾರಿಗೇ ಹಚ್ಚಿದ.

ಆಮೇಲೆ ಬಂದವರ ಕೈಯಲ್ಲೆಲ್ಲ ಆ ಗುರುತು ಇದೆ. ಟೆಕ್ಸಸ್ಸಿನ ಸ್ಟೀವಿ ರೇ ವಾನ್‌ನಂಥವರು ಅವನ ಹಾಡುಗಳನ್ನೇ ವ್ರತ ಹಿಡಿದಂತೆ ನುಡಿಸಿದರು. ಹೆಂಡ್ರಿಕ್ಸನ ಉದ್ದ ಹೆಬ್ಬೆರಳು ಕತ್ತನ್ನು ಬಳಸಿ ಬಂದು ದಪ್ಪ ತಂತಿಯನ್ನು ಮೇಲಿನಿಂದ ಒತ್ತುತ್ತಿತ್ತು. ಗಿಡ್ಡ ಬೆರಳಿನ ಎಷ್ಟು ಜನ ಅದನ್ನು ಅನುಕರಿಸಹೋಗಿ ಮಣಿಕಟ್ಟು ಉಳುಕಿಸಿಕೊಂಡರೋ. ಹಾಗೆಂದು ಎಲ್ಲರೂ ಅವನಿಂದಲೇ ಪಡೆದರು ಎನ್ನುವಂತಿಲ್ಲ. ಪಿಂಕ್ ಫ್ಲಾಯ್ಡ್ ತಂಡದ 1973ರ ‘ಬ್ರೀದ್’ ಹಾಡಿನಲ್ಲೂ ಈ ಜಾತಿಯ ಕಾರ್ಡಿದೆ. ಅದನ್ನು ಮೈಲ್ಸ್ ಡೇವಿಸ್‌ನ ‘ಕೈಂಡ್ ಆಫ್ ಬ್ಲೂ’ ಕೇಳಿ ತಂದುಕೊಂಡೆನೆಂದು ಆ ತಂಡದ ರಿಚರ್ಡ್ ರೈಟ್ ಹೇಳಿಕೊಂಡಿದ್ದರು. ಆದರೂ ಅಂಗಡಿಯ ಹುಡುಗನ ಬಾಯಲ್ಲಿ ಅದು ಹೆಂಡ್ರಿಕ್ಸ್ ಕಾರ್ಡೇ.

ಇದರಲ್ಲೆಲ್ಲ ನನ್ನ ಮನಸ್ಸು ತಗಲಿಕೊಂಡಿರುವುದು ಇನ್ನೊಂದು ಹೆಸರಿಗೆ. ಲಿವರ್‌ಪೂಲಿನ ವೈಟ್‌ಚಾಪೆಲ್ ಬೀದಿಯಲ್ಲಿ ಹೆಸ್ಸಿ ಎಂಬವರ ವಾದ್ಯದಂಗಡಿ ಇತ್ತು. ಬೀಟಲ್ಸ್ ಆಗುವ ಮೊದಲು ಆ ಹುಡುಗರು ಗಿಟಾರುಗಳನ್ನು ಕಂತಿನ ಮೇಲೆ ಕೊಂಡದ್ದು ಅಲ್ಲೇ. ಒಂದು ಕಾರ್ಡ್ ಗೊತ್ತಿದೆಯೆಂದು ಸುದ್ದಿ ಬಂದ ಯಾರನ್ನೋ ಹುಡುಕಿಕೊಂಡು ಬಸ್ಸು ಹತ್ತಿ ಊರ ಆಚೆ ತುದಿಗೆ ಹೋಗಿ ಕಲಿತು ಬರುತ್ತಿದ್ದ ಕಾಲ ಅದು. ಬಿ ಸೆವೆನ್ ಅವರಿಗೆ ಸಿಕ್ಕಿದ್ದೇ ಹಾಗೆ. ಆ ಅಂಗಡಿಯ ಗಲ್ಲೆಯ ಹಿಂದೆ ಜಿಮ್ ಗ್ರೆಟಿ ಎಂಬ ಮಾರಾಟಗಾರರಿದ್ದರು. ಅವರು ಒಂದು ದಿನ ಪಾಲ್ ಮೆಕಾರ್ಟ್ನಿ ಮತ್ತು ಜಾರ್ಜ್ ಹ್ಯಾರಿಸನ್‌ಗೆ ಬೆರಳು ತುಂಬ ಹಿಡಿಯುವ ಒಂದು ಜಾಝ್ ಕಾರ್ಡ್ ತೋರಿಸಿಕೊಟ್ಟರು. ಅದು ಇದೇ ಮನೆತನದ್ದು. ಬೀಟಲ್ಸ್ ಅದನ್ನು ತಮ್ಮೊಳಗೆ ಗ್ರೆಟಿ ಕಾರ್ಡ್ ಎಂದೇ ಕರೆದುಕೊಂಡರು; 1965ರ ‘ಮಿಶೆಲ್’ ಹಾಡಿನ ಎರಡನೆಯ ಕಾರ್ಡ್ ಅದೇ ಎಂದು ಮೆಕಾರ್ಟ್ನಿ ಮುದುಕರಾದ ಮೇಲೂ ನೆನೆಯುತ್ತಾರೆ. ಪರ್ಪಲ್ ಹೇಜ್ ಬರೆಯುವುದಕ್ಕೆ ಒಂದು ವರ್ಷ ಮುಂಚಿನ ಮಾತು. ಇತಿಹಾಸ ಸ್ವಲ್ಪ ಈಚೆಗೆ ಹೊರಳಿದ್ದರೆ ಜಗತ್ತಿನ ಹುಡುಗರೆಲ್ಲ ಅಂಗಡಿಯಲ್ಲಿ ಕೂತು ಗ್ರೆಟಿ ಕಾರ್ಡ್ ಬಾರಿಸುತ್ತಿದ್ದರು. ಹೆಸರು ಹೊರಗೆ ಬರಲಿಲ್ಲ, ನಾಲ್ಕು ಜನರ ನಡುವೆಯೇ ಉಳಿಯಿತು. ಆ ನಾಲ್ಕು ಜನ ಯಾರೆಂದು ನೋಡಿದರೆ, ಗ್ರೆಟಿಯವರಿಗೂ ಹೆಚ್ಚೇನೂ ನಷ್ಟವಾಗಲಿಲ್ಲ ಎನ್ನಿಸುತ್ತದೆ.

ನಮ್ಮ ಗಿಟಾರ್ ಮೇಷ್ಟ್ರ ಹೆಸರಲ್ಲಿ ಇರಬೇಕಾದ ಕಾರ್ಡ್ ಕೂಡ ಇದೇ. ನನ್ನ ಬೆರಳಿನ ಮಟ್ಟಿಗೆ ಇದು ಸಿಯಾಟಲ್‌ನಿಂದ ಬಂದದ್ದಲ್ಲ, ಜನರೇಟರಿನ ಹೊಗೆಯೊಳಗಿಂದ ಬಂದದ್ದು. ಹೆಂಡ್ರಿಕ್ಸನ ಕ್ಯಾಸೆಟ್ ಅವರ ಬಳಿ ಇದ್ದದ್ದು ಒಂದೇ, ಅದೂ ಯಾರದೋ ಕ್ಯಾಸೆಟ್ಟಿನಿಂದ ಇಳಿಸಿಕೊಂಡದ್ದು. ಎರಡನೆಯ ಬದಿಯಲ್ಲಿ ಸುಪ್ರಭಾತವಿತ್ತು. ಆಮೇಲಾಮೇಲೆ ಆರ್ಕೆಸ್ಟ್ರಾಗಳಲ್ಲಿ ಒಂದು ಕೀಬೋರ್ಡೇ ಗಿಟಾರನ್ನೂ ನುಡಿಸತೊಡಗಿತು. ಬರಬರುತ್ತ ಅದೂ ಹೋಗಿ, ಟ್ರ್ಯಾಕ್ ಹಾಕಿಕೊಂಡು ಹಾಡುವವರೊಬ್ಬರೇ ಬರುವುದಾಯಿತು. ಟ್ರ್ಯಾಕು ಕರಾರುವಾಕ್ಕಾಗಿ ಮುಗಿಯುತ್ತದೆ. ಅದರ ಕೊನೆಗೂ ಚಪ್ಪಾಳೆಗೂ ನಡುವೆ ಯಾರಿಗೂ ಜಾಗವಿಲ್ಲ.

ಅವರನ್ನು ಕೊನೆಯ ಸಲ ನೋಡಿದ್ದು ನಗರ ಬಸ್ ನಿಲ್ದಾಣದಲ್ಲಿ. ನಿವೃತ್ತರಾಗಿದ್ದರು. ಜೇಬಿನಲ್ಲಿ ಆಗಲೂ ಎರಡು ಪೆನ್ನು. ಗಿಟಾರ್ ಹೇಗಿದೆ ಎಂದು ಕೇಳಿದೆ. ಉತ್ತರಕ್ಕೆ ಬದಲಾಗಿ ಎಡಗೈಯನ್ನು ನನ್ನ ಮುಂದೆ ಚಾಚಿದರು. “ಕಿರುಬೆರಳು ಮುಟ್ಟಿ ನೋಡು. ಜಡ್ಡು ಹೋಗ್ತಾ ಇದೆ. ಮೆತ್ತಗಾಗಿದೆ.” ಮುಟ್ಟಿದೆ. ನಿಜವಾಗಿ ಮೆತ್ತಗಿತ್ತು. ಏನು ಹೇಳಬೇಕೆಂದು ತೋಚದೆ, ಇನ್ನೂ ಸ್ವಲ್ಪ ಇದೆ ಸಾರ್ ಎಂದೆ. ಇಲವಾಲದ ಕಡೆಗೆ ಹೋಗುವ ಬಸ್ಸು ಬಂತು, ಹತ್ತಿದರು.

ಈಚೆಗೆ ನಮ್ಮ ಮೇಲಿನ ಮಹಡಿಯ ಹುಡುಗಿ ಗಿಟಾರ್ ಕಲಿಯುತ್ತಿದ್ದಾಳೆ. ಗುರು ಮೊಬೈಲಿನೊಳಗಿದ್ದಾನೆ, ಅವನು ಎಲ್ಲವನ್ನೂ ಬಲ್ಲ, ಅವಳ ಬೆರಳು ಎಲ್ಲಿದೆ ಎಂಬುದೊಂದನ್ನು ಕಾಣಲಾರ. ಹಾಗಾಗಿ ಆಗಾಗ ಕೆಳಗಿಳಿದು ಬರುತ್ತಾಳೆ. ಮೊನ್ನೆ ಈ ಕಾರ್ಡನ್ನೇ ತಂದಳು. ನನಗೆ ಉತ್ಸಾಹ ಉಕ್ಕಿತು. ಸಿಯಾಟಲ್, ಪೊರಕೆ, ಲಂಡನ್, ಲಿವರ್‌ಪೂಲಿನ ಅಂಗಡಿ, ಅಂತರ ಗಾಂಧಾರ, ವೆಂಕಟಮಖಿ ಎಲ್ಲವನ್ನೂ ಹೇಳಿದೆ. ಒಳ್ಳೆಯ ಮನೆತನದ ಹುಡುಗಿ, ಕೊನೆಯವರೆಗೂ ಕೇಳಿಸಿಕೊಂಡಳು. ಆಮೇಲೆ, “ಅಂಕಲ್, ಕಿರುಬೆರಳು ಅಲ್ಲಿಗೆ ಎಟುಕ್ತಾನೇ ಇಲ್ಲ, ಅದಕ್ಕೇನು ಮಾಡ್ಲಿ?” ಎಂದಳು.

ಮೇಷ್ಟ್ರು ನನಗೆ ಹೇಳಿದ್ದನ್ನೇ ಹೇಳಿದೆ. ಅದು ಬೆರಳಿನ ತಕರಾರಲ್ಲ ಕಣಮ್ಮ, ಮೊಣಕೈದು. ಮೊಣಕೈಯನ್ನ ಹೊಟ್ಟೆ ಕಡೆ ತಂದುಕೋ, ಹೆಬ್ಬೆರಳನ್ನ ಕತ್ತಿನ ಹಿಂದಕ್ಕೆ ಇಳಿಸು, ಬೆರಳು ತಾನಾಗಿ ಹೋಗತ್ತೆ. ಹೋಯಿತು. ಮೊದಲು ಕಿರುಗುಟ್ಟಿತು, ಮತ್ತೆ ಮೀಟಿದಾಗ ಕಾರ್ಡ್ ಪೂರ್ತಿಯಾಗಿ ತೆರೆದುಕೊಂಡಿತು. ಅವಳ ಕಣ್ಣು ದೊಡ್ಡದಾಯಿತು.

“ಚೆನ್ನಾಗಿದೆ ಅಂಕಲ್! ಆದ್ರೆ ನಾನು ಕಲೀತಿರೋ ಹಾಡುಗಳಲ್ಲಿ ಎಲ್ಲೂ ಇದು ಬರೋದೇ ಇಲ್ವಲ್ಲ. ಎಲ್ಲಿ ಬಾರಿಸೋದು?”

“ಯಾವ ಹಾಡಾದ್ರೂ ಆಗತ್ತೆ. ಹಾಡು ಮುಗಿದ ಮೇಲೆ, ಚಪ್ಪಾಳೆಗೆ ಮುಂಚೆ, ಒಂದೇ ಒಂದ್ಸಲ ಬಾರಿಸಿಬಿಡು,” ಎಂದೆ. “ಯಾರಾದ್ರೂ ಕೇಳಿದ್ರೆ ಸ್ಪೀಕರ್ ಹೋಗಿದೆ ಅನ್ನು.”